14 ತಿಂಗಳು ಕೈಗೆ ಕಟ್ಕೊಂಡ ರನ್ನಿಂಗ್ ವಾಚ್, ಮತ್ತೆ ತಲೆಗೆ ಹೊಕ್ಕಿರೋ ಫುಲ್ ಮ್ಯಾರಥಾನ್ ಹುಳ

ಡಬ್ಬ ಒಡೆದ ದಿನಾನೇ ಐದು ಸ್ಟಾರ್ ಕೊಡೋರನ್ನ ಕಂಡ್ರೆ ನಂಗಾಗಲ್ಲ, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಈಗ 14 ತಿಂಗಳಾಯ್ತು, ಸುಮಾರು 1,600 ಕಿಲೋಮೀಟರ್ ಇದನ್ನ ಕಟ್ಕೊಂಡು ಓಡಿದೀನಿ, ಇನ್ನು ಬರೆದ್ರೆ ತಪ್ಪಿಲ್ಲ. ಕಂಪನಿ ಹೆಸರು ಬೇಡ. ಮಧ್ಯಮ ದರ್ಜೆ ಜಿಪಿಎಸ್ ವಾಚು ಅಂತ ಇಟ್ಕೊಳ್ಳಿ. ನಂಗೆ 41, ಓಟ ಶುರು ಮಾಡಿದ್ದು 39ಕ್ಕೆ, ಎರಡು ಹಾಫ್ ಮ್ಯಾರಥಾನ್ ಮುಗ್ಸಿದೀನಿ, ಅದ್ರಲ್ಲಿ ಚೆನ್ನಾಗಿ ಓಡಿದ್ದು 2 ಗಂಟೆ 5 ನಿಮಿಷ. ಈಗ ಫುಲ್ ಓಡ್ಲಾ ಬೇಡ್ವಾ ಅಂತ ಲೆಕ್ಕಾಚಾರ ನಡೀತಿದೆ, ಆ ಲೆಕ್ಕದಲ್ಲಿ ಈ ವಾಚೂ ಬಾಯಿ ಹಾಕ್ತಿರೋದ್ರಿಂದ ಎರಡೂ ಸೇರಿಸಿ ಬರೀತಿದೀನಿ.

ಮೊದಲು ಹಾರ್ಟ್ ರೇಟ್ ವಿಷ್ಯ, ಯಾಕಂದ್ರೆ ನಾನು ಜಾಸ್ತಿ ಮೋಸ ಹೋಗಿದ್ದು ಅದ್ರಲ್ಲೇ. ವಾರದಲ್ಲಿ ನಾಕು ದಿನ ಓಡಿದ್ರೆ ಮೂರು ದಿನ ನಿಧಾನಕ್ಕೆ ಓಡ್ಬೇಕು ಅಂತಾರಲ್ಲ, ನಾನು ಹಾಗೇ ಓಡ್ತಿದ್ದೆ, ಪಕ್ಕದವನ ಜೊತೆ ಮಾತಾಡ್ಕೊಂಡು ಹೋಗೋ ಅಷ್ಟು ಆರಾಮ, ಆದ್ರೆ ಕೈ ನೋಡ್ಕೊಂಡ್ರೆ 174. ಇನ್ನೂ ನಿಧಾನ ಮಾಡ್ದೆ, ಆಗ್ಲೂ 173. ಎರಡು ತಿಂಗಳು ಹೀಗೇ, ನನ್ ಹಾರ್ಟೇ ಸರಿಯಿಲ್ವೇನೋ ಅಂತ ಒಳಗೊಳಗೇ ಭಯ ಬೇರೆ. ಒಂದಿನ ತಲೆ ಕೆಟ್ಟು ನಿಂತ್ಕೊಂಡು ಕತ್ತಿನ ಹತ್ರ ನಾಡಿ ಹಿಡಿದು 15 ಸೆಕೆಂಡ್ ಎಣಿಸ್ದೆ. 35 ಬಂತು. ಅಂದ್ರೆ ನಿಮಿಷಕ್ಕೆ 140. ಹಂಗಾದ್ರೆ ಈ 174 ಎಲ್ಲಿಂದ ಬಂತು? ಅದು ನನ್ ಹೆಜ್ಜೆ ಲೆಕ್ಕ! ನಾನು ನಿಮಿಷಕ್ಕೆ ಸುಮಾರು 174 ಹೆಜ್ಜೆ ಇಡ್ತೀನಿ. ವಾಚಿನ ಹಿಂದಿರೋ ಹಸಿರು ಲೈಟು ಚರ್ಮದ ಕೆಳಗೆ ರಕ್ತ ಹರಿಯೋ ಏರಿಳಿತ ನೋಡಿ ಬಡಿತ ಎಣಿಸುತ್ತೆ, ಬೆಲ್ಟು ಸಡಿಲ ಇದ್ರೆ ಹೆಜ್ಜೆ ಹೆಜ್ಜೆಗೂ ವಾಚ್ ಕುಣಿಯೋದನ್ನೇ ಬಡಿತ ಅಂದ್ಕೊಂಡ್ಬಿಡುತ್ತೆ. ಇದಕ್ಕೆ ಕೇಡೆನ್ಸ್ ಲಾಕ್ ಅಂತ ಹೆಸ್ರೂ ಇದೆ ಅಂತ ಆಮೇಲೆ ಗೊತ್ತಾಯ್ತು. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿದ್ಮೇಲೆ ಮುಕ್ಕಾಲು ಭಾಗ ಸರಿಹೋಯ್ತು, ಉಳಿದಿದ್ದಕ್ಕೆ ಎದೆಗೆ ಕಟ್ಟೋ ಸ್ಟ್ರಾಪ್ ತಗೊಂಡೆ.

ಆ ಸ್ಟ್ರಾಪ್ ಬಂದ್ಮೇಲೆ ಇನ್ನೊಂದು ಹೊರಗೆ ಬಿತ್ತು. 220ರಲ್ಲಿ ವಯಸ್ಸು ಕಳೆದು ನನ್ ಮ್ಯಾಕ್ಸಿಮಮ್ ಹಾರ್ಟ್ ರೇಟ್ 179 ಅಂತ ವಾಚ್ ತಾನೇ ಇಟ್ಕೊಂಡಿತ್ತು, ಏರು ರಸ್ತೇಲಿ ಜೀವ ಬಿಟ್ಟು ಓಡ್ದಾಗ ನೋಡಿದ್ರೆ 188. ಆ ಸೂತ್ರ ಬರೀ ಸರಾಸರಿ ಅಷ್ಟೇ, ಒಬ್ಬೊಬ್ಬರಿಗೆ ಹತ್ತು ಹದಿನೈದು ಆಕಡೆ ಈಕಡೆ ಆಗ್ಬೋದು. ಸೆಟ್ಟಿಂಗಲ್ಲಿ ಕೈಯಾರೆ ಬದಲಾಯಿಸಿ, ಇಲ್ಲಾಂದ್ರೆ ಝೋನ್, ಅಂದ್ರೆ ಓಟ ಆರಾಮಾ ಕಷ್ಟಾನಾ ಅಂತ ಬಡಿತ ನೋಡಿ ವಾಚು ಮಾಡೋ ವಿಂಗಡಣೆ, ಪೂರ್ತಿ ಸುಳ್ಳು.

ಜಿಪಿಎಸ್ ಬಗ್ಗೆ ದೊಡ್ಡ ದೂರಿಲ್ಲ. ಬಯಲಲ್ಲಿ ಕರಾರುವಾಕ್ಕು, ಎತ್ತರದ ಕಟ್ಟಡಗಳ ಮಧ್ಯೆ ನಾನು ಗೋಡೆ ತೂರ್ಕೊಂಡು ಓಡಿರೋ ಹಾಗೆ ಮ್ಯಾಪ್ ತೋರ್ಸುತ್ತೆ. ಟ್ರ್ಯಾಕ್ ಮೋಡ್ ಇದೆ, ಅದ್ರಲ್ಲಿ ಲೇನ್ ನಂಬರ್ ಕೊಡ್ಬೇಕು. ನಾನೊಬ್ಬ ಮಹಾನುಭಾವ ಒಂದನೇ ಲೇನ್ ಅಂತ ಒತ್ತಿ ನಾಕನೇ ಲೇನಲ್ಲಿ 25 ಸುತ್ತು ಹೊಡೆದೆ, ಅಲ್ಲಿ ಒಂದು ಸುತ್ತಂದ್ರೆ 400 ಅಲ್ಲ, ಸುಮಾರು 423 ಮೀಟರ್, ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಬಿಟ್ಟಿ ಓಡ್ದೆ. ಇದು ವಾಚಿನ ತಪ್ಪಲ್ಲ ಬಿಡಿ.

ಆದ್ರೆ ರೇಸಲ್ಲಿ ಒಂದು ಹುಷಾರು. ನನ್ ಎರಡನೇ ಹಾಫಲ್ಲಿ 21.1 ಇರ್ಬೇಕಾದ ಕಡೆ ವಾಚು 21.38 ತೋರಿಸ್ತು, ಕೋರ್ಸೇ ಉದ್ದ ಇದೆ ಅಂತ ಎಲ್ರ ಹತ್ರ ಜಗಳಕ್ಕೆ ನಿಂತಿದ್ದೆ. ಕೋರ್ಸ್ ಅಳೆಯೋದು ತಿರುವಿನ ಒಳಅಂಚು ಹಿಡ್ಕೊಂಡು ಹೋಗೋ ಅತಿ ಹತ್ರದ ದಾರೀಲಿ, ನಾವು ಓಡೋದು ಜನರನ್ನ ತಪ್ಪಿಸ್ಕೊಂಡು, ನೀರಿನ ಟೇಬಲ್ ಕಡೆ ಸರಿದು. ಅದ್ರ ಮೇಲೆ ಜಿಪಿಎಸ್ ಎಡವಟ್ಟು. ಫುಲ್‌ನಲ್ಲಿ ಇದು 42.195 ಬದಲು 42.7 ಆಯ್ತು ಅಂದ್ಕೊಳ್ಳಿ, ಕೈ ನೋಡಿ ಕಿಲೋಮೀಟರ್‌ಗೆ 6 ನಿಮಿಷದ ಪೇಸ್ ಅಂತ ಖುಷಿಯಾಗಿ ಓಡಿದೋನು ಗೆರೆ ದಾಟುವಾಗ ಮೂರು ನಿಮಿಷ ಲೇಟು. ರಸ್ತೆ ಬದಿಯ ಕಿಲೋಮೀಟರ್ ಬೋರ್ಡ್ ನೋಡಿ ಲ್ಯಾಪ್ ಬಟನ್ ಒತ್ತೋದೇ ವಾಸಿ.

ಈಗ ನಿಜವಾದ ತಕರಾರಿಗೆ ಬರ್ತೀನಿ. ನೀನು ಫುಲ್ ಮ್ಯಾರಥಾನ್ 3 ಗಂಟೆ 58 ನಿಮಿಷಕ್ಕೆ ಓಡ್ತೀಯ ಅಂತ ಈ ವಾಚು ಆರು ತಿಂಗಳಿಂದ ಕಿವಿ ಊದ್ತಿದೆ. ನಾಕು ಗಂಟೆ ಒಳಗೆ! ಯಾರಿಗೆ ಆಸೆ ಹುಟ್ಟಲ್ಲ ಹೇಳಿ. ಆದ್ರೆ ಪೀಟ್ ರೀಗೆಲ್ ಅನ್ನೋರ ಹಳೇ ಸೂತ್ರ ಒಂದಿದೆ, ದೂರ ಎರಡರಷ್ಟಾದ್ರೆ ಟೈಮು ಬರೀ ಎರಡರಷ್ಟಲ್ಲ, ಸುಮಾರು 2.085ರಷ್ಟು ಆಗುತ್ತೆ ಅಂತ. ನನ್ 2 ಗಂಟೆ 5 ನಿಮಿಷಕ್ಕೆ ಹಾಕಿದ್ರೆ 4 ಗಂಟೆ 20 ಬರುತ್ತೆ, ಅದೂ ತರಬೇತಿ ಪೂರ್ತಿ ಆಗಿದ್ರೆ. ವಾಚು ವಿಓಟು ಮ್ಯಾಕ್ಸ್, ಅಂದ್ರೆ ಮೈ ಗರಿಷ್ಠ ಎಷ್ಟು ಆಮ್ಲಜನಕ ಬಳಸ್ಕೊಳ್ಳುತ್ತೆ ಅನ್ನೋ ಅಂದಾಜಿನ ಮೇಲೆ ಹೇಳೋದು, ಅದಕ್ಕೆ ನನ್ ಎಂಜಿನ್ ಗೊತ್ತು, ಕಾಲು ಗೊತ್ತಿಲ್ಲ.

ಕಾಲಿನ ವಿಷ್ಯ ಹೋದ ತಿಂಗಳು 28 ಕಿಲೋಮೀಟರ್ ಲಾಂಗ್ ರನ್ನಲ್ಲಿ ಗೊತ್ತಾಯ್ತು. ಪೇಸು ಉದ್ದಕ್ಕೂ 7 ನಿಮಿಷ, 10ನೇ ಕಿಲೋಮೀಟರಲ್ಲಿ ಹಾರ್ಟ್ ರೇಟ್ 142 ಇತ್ತು, 26ರಲ್ಲಿ ಅದೇ ಪೇಸಿಗೆ 161. ತೊಡೆ ಕಲ್ಲಾಗಿತ್ತು, ಫುಟ್‌ಪಾತಿಂದ ಕೆಳಗಿಳಿಯೋಕೆ ಪಕ್ಕಕ್ಕೆ ತಿರುಗಿ ಏಡಿ ಥರ ಇಳೀತಿದ್ದೆ. ಫುಲ್ ಓಡಿದೋರು 30ರ ಆಚೆ ಗೋಡೆ ಬರುತ್ತೆ ಅಂತಾರೆ, ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನೋ ಇಂಧನ ಖಾಲಿಯಾಗೋ ಜಾಗ ಅದು, ನಾನು ಅದಕ್ಕೂ ಮುಂಚೆನೇ ಗೋಡೆಗೆ ಒರಗಿ ನಿಂತಿದ್ದೆ. ಮೂರು ಗಂಟೆ ಮೇಲಿನ ಓಟಕ್ಕೆ ಒಂದೇ ಒಂದು ಜೆಲ್ (ಓಡ್ತಾ ತಿನ್ನೋ ಸಕ್ಕರೆ ಪಾಕದಂಥ ಪ್ಯಾಕೆಟ್) ತಿಂದಿದ್ದೆ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಬೇಕಂತೆ, ಅದು ನನ್ನ ದಡ್ಡತನ. ಮನೆಗೆ ಬಂದು ನೋಡ್ತೀನಿ, ವಾಚು ಅದೇ 3:58 ಹಿಡ್ಕೊಂಡು ಕೂತಿದೆ.

ಮಧ್ಯದಲ್ಲಿ ಮುಂಗಾಲ ಮೂಳೆ ನೋವು ಬಂದಾಗ್ಲೂ ಇದೇ ಥರ. ನೋವು ಶುರುವಾದ ವಾರ ‘ಪ್ರೊಡಕ್ಟಿವ್’ ಅಂತ ಬೆನ್ನು ತಟ್ತು, ಬುದ್ಧಿ ಬಂದು ಎರಡು ವಾರ ರೆಸ್ಟ್ ಮಾಡಿದ್ರೆ ‘ಡಿಟ್ರೈನಿಂಗ್’, ಅಂದ್ರೆ ಗಳಿಸಿದ ಫಿಟ್ನೆಸ್ ಕಳ್ಕೊಳ್ತಿದೀಯ ಅಂತ ಬೈತು.

ಬಾಳಿಕೆ ಹೇಳ್ಬಿಡ್ತೀನಿ. 11ನೇ ತಿಂಗಳಿಗೆ ಬೆಲ್ಟು ಪಿನ್ ಹತ್ರ ಸೀಳ್ತು, ಕಂಪನಿಗೆ ಮೇಲ್ ಹಾಕಿದ್ರೆ ಬೆಲ್ಟು ವಾರಂಟಿಗೆ ಬರಲ್ಲ ಅಂತ ಒಂದೇ ಸಾಲು. ಬೇರೆಯವರ ಬೆಲ್ಟು ಹಾಕ್ಕೊಂಡೆ, ಅದೇ ಚೆನ್ನಾಗಿದೆ. ಬೆವರಿಗೆ ಚಾರ್ಜಿಂಗ್ ಪಿನ್ ಹಸಿರುಗಟ್ಟುತ್ತೆ, ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ. ಬ್ಯಾಟರಿ ಮೊದಲು ಜಿಪಿಎಸ್ ಹಾಕಿ 14 ಗಂಟೆ ಬರ್ತಿತ್ತು, ಈಗ ಹತ್ತು, ನಾನೆಷ್ಟೇ ತೆವಳಿದ್ರೂ ಫುಲ್‌ಗೆ ಸಾಕು. ಮಳೇಲಿ ಟಚ್ ಆಫ್ ಮಾಡಿ, ಒಂದ್ಸಲ ಹನಿ ಬಿದ್ದೇ ರೆಕಾರ್ಡಿಂಗ್ ನಿಂತೋಗಿ ಮೂರು ಕಿಲೋಮೀಟರ್ ಲೆಕ್ಕಕ್ಕೇ ಬರ್ಲಿಲ್ಲ.

ಮೂರೂವರೆ ಸ್ಟಾರ್ ಕೊಡ್ತೀನಿ. ಆ ರೇಸ್ ಪ್ರೆಡಿಕ್ಷನ್ ಪರದೇನ ಹೋದ ವಾರ ವಾಚಿಂದ ತೆಗೆದೇ ಹಾಕ್ದೆ. ಫುಲ್‌ಗೆ ಇನ್ನೂ ಹೆಸರು ಕೊಟ್ಟಿಲ್ಲ, ಈ ಭಾನುವಾರ 30 ಓಡ್ಬೇಕು, ನಾಕು ಜೆಲ್ ಎತ್ತಿಟ್ಟಿದೀನಿ, ಸೋಮವಾರ ಬೆಳಿಗ್ಗೆ ಮೆಟ್ಟಿಲು ನೆಟ್ಟಗೆ ಇಳಿಯೋಕಾದ್ರೆ ಫಾರ್ಮ್ ತುಂಬ್ತೀನಿ.