ನಾಲ್ಕು ದೆವ್ವದ ಸಿನಿಮಾ, ಒಂದು ಹಾಸ್ಟೆಲ್ ಟ್ರಂಕು

ಅಕ್ಕನ ಮಗಳು ಧಾರವಾಡದ ಸಪ್ತಾಪುರದಲ್ಲಿ ಪಿಜಿ ಹಿಡಿದು ಪರೀಕ್ಷೆಗೆ ಓದುತ್ತಿದ್ದಾಳೆ. ಶನಿವಾರ ಸಂಜೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ನಮ್ಮ ಮನೆಗೆ ಬರುತ್ತಾಳೆ, ಕೈಯಲ್ಲಿ ಒಗೆಯೋ ಬಟ್ಟೆಯ ಚೀಲ, ಹೊಟ್ಟೆಯಲ್ಲಿ ರೊಟ್ಟಿಯ ಹಸಿವು. ಮಳೆಗಾಲ ಶುರುವಾದ ಹೊಸದರಲ್ಲಿ ಒಂದು ಸಲ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಚಿಗವ್ವಾ, ಹುಡುಗ್ಯಾರ ಹಾಸ್ಟೆಲ್‌ನ್ಯಾಗ ದೆವ್ವ ಬಡಿಯೋ ಸಿನಿಮಾ ಛಲೋದು ಯಾವುದೈತಿ?" ಅವಳ ಪಿಜಿಯಲ್ಲಿ ಯಾರೋ ಅಂಥದ್ದೊಂದು ನೋಡಿ ರಾತ್ರಿಯೆಲ್ಲ ಲೈಟ್ ಆರಿಸಲು ಬಿಟ್ಟಿರಲಿಲ್ಲವಂತೆ.

ನಾನೂ ಹಾಸ್ಟೆಲ್ ಅನ್ನ ಉಂಡವಳೇ. ಬ್ಯಾಡಗಿಯಿಂದ ಬಂದು ಧಾರವಾಡದ ಒಂದು ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಇದ್ದು ಪಿಯುಸಿ ಮುಗಿಸಿದೆ. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿನೇ ಮಾತಾಡುತ್ತೇನೆ, ಸಹಿಸಿಕೊಳ್ಳಿ. ನಾಲ್ಕು ಶನಿವಾರ, ನಾಲ್ಕು ಸಿನಿಮಾ ನೋಡಿದೆವು. ಕಾಯಿಸೋದು ಬೇಡ, ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು 'ದಿ ಬ್ಲ್ಯಾಕ್‌ಕೋಟ್ಸ್ ಡಾಟರ್'. ಆದರೆ ಒಳಗಿನ ಸರಕು ಜಾಸ್ತಿ ಇದ್ದದ್ದು 'ದಿ ಡೆವಿಲ್ಸ್ ಡೋರ್‌ವೇ'ಯಲ್ಲಿ. ಇಷ್ಟು ಸರಕು ಇಟ್ಟುಕೊಂಡು ಅದು ಸೋತಿತಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮುಂದೆ ಕಥೆಯ ಗುಟ್ಟು ಅಲ್ಲಲ್ಲಿ ಬರುತ್ತದೆ, ಬೇಡದವರು ಇಲ್ಲೇ ಇಳಿದುಕೊಳ್ಳಿ.

ಮೊದಲ ಶನಿವಾರ 'ದಿ ಎಕ್ಸಾರ್ಸಿಸ್ಟ್'. 1973ರದ್ದು. ಇದರಲ್ಲಿ ಹಾಸ್ಟೆಲ್ಲೂ ಇಲ್ಲ, ಶಾಲೆಯೂ ಇಲ್ಲ, ಆದರೆ ಇದನ್ನು ಬಿಟ್ಟು ಮೈಮೇಲೆ ಬರುವ ಸಿನಿಮಾಗಳ ಮಾತಾಡಿದರೆ ಮನೆಯ ಅಜ್ಜನನ್ನು ಕೇಳದೆ ಮೊಮ್ಮಗಳ ಮದುವೆ ಮಾತಾಡಿದ ಹಾಗೆ. ಅಮೆರಿಕದ ಜಾರ್ಜ್‌ಟೌನ್, ಸಿನಿಮಾ ನಟಿ ತಾಯಿ, ಹನ್ನೆರಡು ವರ್ಷದ ಮಗಳು ರೀಗನ್. ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ಆ ಹುಡುಗಿಯ ಕೋಣೆಯ ಸೆಟ್ಟನ್ನು ನಿಜವಾಗಲೂ ಫ್ರಿಜ್ ಮಾಡಿದ ಹಾಗೆ ತಣ್ಣಗೆ ಮಾಡಿಸಿದ್ದರು, ಬಾಯಿಂದ ಬರೋ ಉಸಿರಿನ ಹೊಗೆ ಅಸಲಿ. ಕುತ್ತಿಗೆ ತಿರುಗೋದು, ಹಸಿರು ವಾಂತಿ ಎಲ್ಲ ನೋಡಿ ಅಕ್ಕನ ಮಗಳು ನಕ್ಕಳು. ಈಗಿನ ಮಕ್ಕಳು ರೀಲ್ಸ್‌ನಲ್ಲಿ ಇದರ ನಕಲು ನೂರು ಸಲ ನೋಡಿಬಿಟ್ಟಿರುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಆ ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡುವಾಗ ಅವಳ ನಗು ನಿಂತಿತು. ಅಲ್ಲಿ ದೆವ್ವವೇ ಇಲ್ಲ, ಬರೀ ಯಂತ್ರದ ಸದ್ದು. ಇನ್ನೊಂದು ತಮಾಷೆ ನೋಡಿ, ದೆವ್ವ ಬಿಡಿಸುವ ಪಾದ್ರಿಯ ಮಾತು ಮೊದಲು ಎತ್ತುವವರು ಡಾಕ್ಟರುಗಳೇ. ನಮ್ಮ ಕಡೆ ಇದು ಉಲ್ಟಾ. ನಿಂಬೆಹಣ್ಣು, ತಾಯತ, ಅಮಾವಾಸ್ಯೆ ಎಲ್ಲ ಮುಗಿದ ಮೇಲೆ ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕಡೆ ಬಸ್ ಹತ್ತುತ್ತೇವೆ.

ಸಿನಿಮಾ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಭಯ ಆಗಲಿಲ್ಲ. ಯಾಕೆ ಅಂತ ಆವತ್ತು ಗೊತ್ತಾಗಲಿಲ್ಲ, ನಾಲ್ಕನೇ ಶನಿವಾರ ಗೊತ್ತಾಯಿತು. ರೀಗನ್‌ಗೆ ತಾಯಿ ಇದ್ದಾಳೆ. ಆ ತಾಯಿ ಡಾಕ್ಟರು, ಪಾದ್ರಿ, ಯಾರ ಬಾಗಿಲನ್ನೂ ಬಿಡದೆ ತಟ್ಟುತ್ತಾಳೆ. ಅಂಥ ತಾಯಿ ಮನೆಯಲ್ಲಿದ್ದರೆ ದೆವ್ವ ಎಷ್ಟು ದಿನ ಇದ್ದೀತು?

ಎರಡನೆಯದು 'ವೆರೋನಿಕಾ', ಸ್ಪೇನಿನದು, 2017. ಪಾಕೋ ಪ್ಲಾಸಾ ನಿರ್ದೇಶನ. 1991ರ ಮ್ಯಾಡ್ರಿಡ್, ಸನ್ಯಾಸಿನಿಯರು ನಡೆಸುವ ಶಾಲೆ. ಸೂರ್ಯಗ್ರಹಣ ನೋಡೋಕೆ ಶಾಲೆಯವರೆಲ್ಲ ಮಾಳಿಗೆ ಹತ್ತಿದರೆ, ಈ ಹುಡುಗಿ ಇಬ್ಬರು ಗೆಳತಿಯರ ಜೊತೆ ನೆಲಮಾಳಿಗೆಗೆ ಇಳಿದು ಸತ್ತವರನ್ನು ಕರೆಯುವ ಹಲಗೆ ಬಿಚ್ಚುತ್ತಾಳೆ. ಇಲ್ಲಿಗೇ ನಮ್ಮ ಅತ್ತೆಯವರು, ಅಂದರೆ ನನ್ನ ಗಂಡನ ತಾಯಿ, ಟಿವಿ ಕಡೆ ಕೈ ಮಾಡಿ ತೀರ್ಪು ಕೊಟ್ಟರು: "ಗ್ರಹಣದಾಗ ನೀರ ಕುಡ್ಯಂಗಿಲ್ಲ, ಇವು ದೆವ್ವ ಕರೀತಾವ. ಅನುಭವಿಸ್ಲಿ ಬಿಡ." ಸ್ಪೇನಿನವರಿಗೆ ಈ ಹೆದರಿಕೆ ಎಷ್ಟಿದೆಯೋ, ನಮ್ಮ ಮನೆಯಲ್ಲಂತೂ ಆ ಒಂದು ಸೀನಿಗೆ ನಿರ್ದೇಶಕ ಕಷ್ಟಪಡೋದೇ ಬೇಕಿರಲಿಲ್ಲ.

ಹಲಗೆ ನೋಡಿದ ಕೂಡಲೇ ನನಗೆ ನಮ್ಮ ಹಾಸ್ಟೆಲ್ ನೆನಪಾಯಿತು. ನಾವೂ ಆಡಿದ್ದೇವೆ. ಹಳೆ ಕ್ಯಾಲೆಂಡರಿನ ಹಿಂಬದಿ, ನಡುವೆ ಒಂದು ರೂಪಾಯಿ ನಾಣ್ಯ, ಮೇಣದ ಬತ್ತಿ, ಐದು ಹುಡುಗಿಯರ ಐದು ಬೆರಳು. ನಾನು ಕನ್ನಡದಲ್ಲಿ ಬರೆಯೋಣ ಅಂದೆ. ಅ ಆ ಇ ಈ ಯಿಂದ ಳ ವರೆಗೆ ಬರೆದು ಮುಗಿಸುವಷ್ಟರಲ್ಲಿ ಕಾಗದ ತುಂಬಿತು, ಕಾಗುಣಿತಕ್ಕೆ ಜಾಗವೇ ಇಲ್ಲ, ಒತ್ತಕ್ಷರದ ಮಾತು ದೂರ. ಪಾಪ, ದೆವ್ವ 'ಅಕ್ಕ' ಅಂತ ಹೇಳಬೇಕಾದರೆ ಏನು ಮಾಡಬೇಕು? ಕೊನೆಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕೇ ಬಂದೆವು. ಕರೆದದ್ದು ಹಾಸ್ಟೆಲ್ ಹಿಂದಿನ ಬಾವಿಗೆ ಬಿದ್ದು ಸತ್ತಿದ್ದಳು ಅಂತ ಎಲ್ಲರೂ ಹೇಳುತ್ತಿದ್ದ ಒಬ್ಬ ಮುದುಕಿಯನ್ನು. ಸಾಲಿಗೇ ಹೋಗದ ಮುದುಕಿ ಬಂದು ಇಂಗ್ಲಿಷಿನಲ್ಲಿ 'ಯೆಸ್' ಅಂದಳು. ನಾಣ್ಯ ಎಳೆಯುತ್ತಿದ್ದವಳು ಯಾರು ಅಂತ ನನಗೆ ಈಗಲೂ ಗೊತ್ತು, ಅವಳು ಈಗ ಇಂಗ್ಲಿಷ್ ಟೀಚರ್.

ಸಿನಿಮಾ ವಿಷಯಕ್ಕೆ ಬಂದರೆ, 'ವೆರೋನಿಕಾ'ದ ಮೊದಲರ್ಧ ಚಂದ. ತಾಯಿ ಬಾರಿನಲ್ಲಿ ರಾತ್ರಿ ಕೆಲಸ ಮಾಡುತ್ತಾಳೆ, ಹದಿನೈದರ ಹುಡುಗಿ ಇಬ್ಬರು ತಂಗಿಯರನ್ನೂ ಒಬ್ಬ ಪುಟ್ಟ ತಮ್ಮನನ್ನೂ ಎಬ್ಬಿಸಿ, ಉಣಿಸಿ, ಶಾಲೆಗೆ ಕಳಿಸಬೇಕು. ಆ ಬೆಳಗಿನ ಗಡಿಬಿಡಿ ನೋಡಿದರೆ ಹುಬ್ಬಳ್ಳಿಯ ಯಾವ ಓಣಿಯ ಮನೆಯೂ ಆಗಬಹುದು. ಕೊನೆಯಲ್ಲಿ ಮಾತ್ರ ನೆರಳು, ಕಿರುಚಾಟ, ಮಾಮೂಲಿ. ಆದರೂ ಮೊದಲ ಸಲ ಇಂಥದ್ದು ನೋಡುವವರಿಗೆ ನಾನು ಹೇಳೋದು ಇದನ್ನೇ, ಸುಮ್ನೆ ಕಷ್ಟವಿಲ್ಲದೆ ಹೆದರಿಸುತ್ತದೆ.

ಈಗ 'ದಿ ಡೆವಿಲ್ಸ್ ಡೋರ್‌ವೇ'. 2018ರದ್ದು, ಐಸ್ಲಿನ್ ಕ್ಲಾರ್ಕ್ ಅನ್ನುವ ನಿರ್ದೇಶಕಿ. ಒಂದೂಕಾಲು ಗಂಟೆಯಷ್ಟೇ. ಅಕ್ಕನ ಮಗಳು ಇದನ್ನು ತಡೆಯಲಾರದೆ ಬರುವ ದಾರಿಯಲ್ಲೇ ಫೋನಿನಲ್ಲಿ ಶುರು ಮಾಡಿದ್ದಳು, ಉಣಕಲ್ ಬರುವಷ್ಟರಲ್ಲಿ ತಲೆ ತಿರುಗಿ ಮುಚ್ಚಿದಳಂತೆ. ಬಸ್ಸು ಅಲುಗಾಡಲಿಲ್ಲ, ಸಿನಿಮಾ ಅಲುಗಾಡಿತು. ಪಾದ್ರಿಯೊಬ್ಬ ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆದದ್ದು ಅನ್ನುವ ಲೆಕ್ಕದಲ್ಲಿ ಇಡೀ ಸಿನಿಮಾ ಇದೆ. ಹಳೇ 16 ಎಂಎಂ ಫಿಲ್ಮಿನ ಬಣ್ಣ, ಚೌಕದ ಚಿತ್ರ. ಮನೆಯಲ್ಲಿ ಟಿವಿಗೆ ಹಾಕಿ ಮೊದಲಿಂದ ನೋಡಿದೆವು.

1960ರ ಐರ್ಲೆಂಡ್. ಸನ್ಯಾಸಿನಿಯರ ಒಂದು ಮನೆಯಲ್ಲಿ ಮೇರಿಯ ವಿಗ್ರಹದ ಕಣ್ಣಿಂದ ರಕ್ತ ಬರುತ್ತಿದೆ, ಅದು ಪವಾಡವೋ ಅಲ್ಲವೋ ನೋಡಿಕೊಂಡು ಬನ್ನಿ ಅಂತ ಇಬ್ಬರು ಪಾದ್ರಿಗಳನ್ನು ಕಳಿಸುತ್ತಾರೆ. ಒಬ್ಬ ಮುದುಕ, ಯಾವುದನ್ನೂ ನಂಬದವನು. ಇನ್ನೊಬ್ಬ ಹುಡುಗ, ಎಲ್ಲ ನಂಬುವವನು. ಆ ಮನೆ 'ಮ್ಯಾಗ್ಡಲೀನ್ ಲಾಂಡ್ರಿ'. ದಾರಿ ತಪ್ಪಿದರು ಅಂತ ಹೆಸರಿಟ್ಟು ಹೆಣ್ಣುಮಕ್ಕಳನ್ನು ತಂದು ಸುಧಾರಣೆ ಮಾಡುತ್ತೇವೆ ಅಂತ ಕೂಡಿಹಾಕಿ, ಕೂಲಿ ಇಲ್ಲದೆ ಬಟ್ಟೆ ಒಗೆಸುವ ಜಾಗ. ನಾವು ಚಿಕ್ಕವರಿದ್ದಾಗ ತಂಟೆ ಮಾಡಿದರೆ "ರಿಮ್ಯಾಂಡ್ ಹೋಮಿಗೆ ಹಾಕ್ತೀನಿ ನೋಡ" ಅಂತ ಹೆದರಿಸುತ್ತಿದ್ದರಲ್ಲ, ಅಲ್ಲಿ ಮನೆಯವರು ಬರೀ ಹೆದರಿಸಲಿಲ್ಲ, ನಿಜವಾಗಿಯೂ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಇದು ಕಟ್ಟುಕಥೆ ಅಲ್ಲ ಅನ್ನೋದೇ ಇಲ್ಲಿಯ ಭಾರ. ಅಂಥ ಮನೆಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ನಾನು ಹಾಸ್ಟೆಲ್ಲಿನ ಕಲ್ಲಿನ ಮೇಲೆ ನನ್ನ ಲಂಗ ಒಗೆಯುತ್ತಿದ್ದ ಕಾಲಕ್ಕೂ ಅಲ್ಲಿ ಹೆಂಗಸರಿದ್ದರು! 1993ರಲ್ಲಿ ಡಬ್ಲಿನ್ನಿನ ಒಂದು ಕಾನ್ವೆಂಟು ತನ್ನ ಜಮೀನು ಮಾರಿತು. ಅಲ್ಲಿದ್ದ 133 ಹೆಂಗಸರ ಗೋರಿ ತೆಗೆಯಲು ಪರವಾನಗಿ ಪಡೆದು ಅಗೆದರೆ ಸಿಕ್ಕಿದ್ದು 155 ದೇಹ. ಇಪ್ಪತ್ತೆರಡು ಜನ ಲೆಕ್ಕದಲ್ಲೇ ಇರಲಿಲ್ಲ. 2013ರಲ್ಲಿ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಸಿನಿಮಾದವರು ಒಂದು ಕಲಬೆರಕೆ ಮಾಡಿದ್ದಾರೆ, ಮದುವೆ ಆಗದೆ ಬಸುರಾದವರಿಗೆ ಸಾಮಾನ್ಯವಾಗಿ ಬೇರೆ ಮನೆಗಳೇ ಇದ್ದವು, ಇಲ್ಲಿ ಎರಡನ್ನೂ ಸೇರಿಸಿದ್ದಾರೆ. ಅದು ದೊಡ್ಡ ತಪ್ಪೇನಲ್ಲ.

ಮೊದಲ ಮುಕ್ಕಾಲು ಗಂಟೆ ನಾನು ಚಹಾ ಮುಟ್ಟಲಿಲ್ಲ. ಮನೆಯ ಮುಖ್ಯ ಸನ್ಯಾಸಿನಿ ಆ ಮುದುಕ ಪಾದ್ರಿಗೆ ನಿಂತು ಹೇಳುತ್ತಾಳೆ, ನಿಮ್ಮಂಥವರು ಮಾಡಿದ ಹೊಲಸನ್ನೇ ಇಷ್ಟು ವರ್ಷ ನಾವು ತೊಳೆಯುತ್ತಿರೋದು ಅನ್ನೋ ಅರ್ಥದಲ್ಲಿ. ಅಲ್ಲಿಗೆ ದೆವ್ವ ಯಾರು ಅನ್ನೋದು ಗೊತ್ತಾಗಿಹೋಯಿತು, ಅಲ್ವಾ? ಅಲ್ಲೇ ನಿಲ್ಲಿಸಬೇಕಿತ್ತು. ಇಲ್ಲ. ನೆಲಮಾಳಿಗೆಯಲ್ಲಿ ಸರಪಳಿ ಹಾಕಿ ಕಟ್ಟಿದ ಬಸುರಿ ಹುಡುಗಿ ಕ್ಯಾಥ್ಲೀನ್ ಸಿಗುತ್ತಾಳೆ, ಅವಳ ಮೈಯಲ್ಲಿ ನಿಜವಾದ ದೆವ್ವವೇ ಇದೆ, ಕ್ಯಾಮೆರಾ ಹಿಡಿದವನು ಕತ್ತಲ ಸುರಂಗದಲ್ಲಿ ಓಡುತ್ತಾನೆ, ಓಡುತ್ತಾನೆ, ನಮಗೆ ಕಾಣೋದು ಗೋಡೆ ಮತ್ತು ಅವನ ಏದುಸಿರು. ಮನುಷ್ಯರು ಮಾಡಿದ ಪಾಪವನ್ನು ತೋರಿಸುತ್ತಾ ಬಂದು ಕೊನೆಗೆ ಅದನ್ನು ಸೈತಾನನ ಖಾತೆಗೆ ಬರೆದುಬಿಟ್ಟರೆ ಸನ್ಯಾಸಿನಿಯರೂ ಪಾದ್ರಿಗಳೂ ಆರಾಮಾಗಿ ಪಾರಾದರಲ್ಲ!

ಇನ್ನೊಂದು ನನಗೆ ಕೊರೆದದ್ದು. ನಮ್ಮ ಕಡೆ ಯಾರ ಮೈಮೇಲಾದರೂ ಬಂದರೆ ಮೊದಲು ಕೇಳೋದು "ಯಾರವಾ ನೀ? ಏನು ಬೇಕು?" ಅಂತ. ಅದು ಸೀರೆ ಕೇಳುತ್ತದೆ, ಹೋಳಿಗೆ ಕೇಳುತ್ತದೆ, ಗಂಡನ ಮನೆಯವರು ಮಾಡಿದ್ದನ್ನು ಹೇಳಿ ಅಳುತ್ತದೆ. ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದ ಸೊಸೆ ಅವತ್ತು ಮಾವನನ್ನು ಏಕವಚನದಲ್ಲಿ ಬೈಯುತ್ತಾಳೆ, ಅವನು ಕೈ ಮುಗಿದು ನಿಲ್ಲುತ್ತಾನೆ. ಈ ಪದ್ಧತಿಯಲ್ಲಿ ಹೊಡೆತ, ಹೊಗೆ, ಹಿಂಸೆಯೂ ಇದೆ, ಅದನ್ನು ಹೊಗಳಬೇಕಾಗಿಲ್ಲ. ಆದರೂ ಅವಳ ಮಾತನ್ನು ಕೇಳುತ್ತಾರೆ. ಕ್ಯಾಥ್ಲೀನ್‌ಗೆ ಏನು ಬೇಕು ಅಂತ ಕೇಳಿ ಕೂತು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಆ ಸಿನಿಮಾಕ್ಕೂ ಇಲ್ಲ.

'ದಿ ಬ್ಲ್ಯಾಕ್‌ಕೋಟ್ಸ್ ಡಾಟರ್' ಅದಕ್ಕೇ ಗೆದ್ದಿತು. 2015ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ 'ಫೆಬ್ರವರಿ' ಅನ್ನುವ ಹೆಸರಲ್ಲಿ ತೋರಿಸಿದ್ದು. ನಿರ್ದೇಶಕ ಆಸ್ಗುಡ್ ಪರ್ಕಿನ್ಸ್, 'ಸೈಕೋ'ದ ನಾಯಕ ನಟ ಆಂಟನಿ ಪರ್ಕಿನ್ಸ್ ಮಗ. ಸಂಗೀತ ಅವನ ತಮ್ಮ ಎಲ್ವಿಸ್‌ದು. ಹಿಮ ಬಿದ್ದ ಊರಲ್ಲಿ ಹುಡುಗಿಯರ ವಸತಿ ಶಾಲೆ. ಫೆಬ್ರವರಿ ರಜೆ ಬಂತು, ಎಲ್ಲರ ಅಪ್ಪ ಅಮ್ಮ ಬಂದು ಕರೆದುಕೊಂಡು ಹೋದರು. ಇಬ್ಬರ ಮನೆಯವರು ಬರಲಿಲ್ಲ. ದೊಡ್ಡವಳು ರೋಸ್, ತನ್ನ ಕೆಲಸಕ್ಕೆ ತಾನೇ ಮನೆಗೆ ಸುಳ್ಳು ತಾರೀಖು ಹೇಳಿದ್ದಾಳೆ. ಚಿಕ್ಕವಳು ಕ್ಯಾಟ್, ಬಾಗಿಲು ನೋಡುತ್ತಾ ಕೂತಿದ್ದಾಳೆ. ಇಷ್ಟೇ ಕಥೆ. ಅರ್ಧ ಗಂಟೆ ಏನೂ ಆಗೋದಿಲ್ಲ. ಅಕ್ಕನ ಮಗಳು ಎರಡು ಸಲ ಫೋನ್ ತೆಗೆದಳು. ನಾನು ಮಾತ್ರ ಅಲುಗಾಡಲಿಲ್ಲ, ಯಾಕಂದರೆ ನಾನು ಟಿವಿ ನೋಡುತ್ತಿರಲಿಲ್ಲ, ನನ್ನ ಟ್ರಂಕಿನ ಮೇಲೆ ಕೂತಿದ್ದೆ.

ಮೊದಲ ವರ್ಷದ ಪರೀಕ್ಷೆ ಮುಗಿದಿತ್ತು, ಮಾರ್ಚ್ ತಿಂಗಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಭರಾಟೆ ಇರೋ ಹೊತ್ತು, ಅಪ್ಪ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಶುಕ್ರವಾರ ಬರುತ್ತೇನೆ ಅಂದವನು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಸ್ಟೆಲ್ ಖಾಲಿ. ಅಡುಗೆಯಾಕೆ ಒಂದು ಬಟ್ಟಲು ಚುರುಮುರಿ ಕೊಟ್ಟು ಮನೆಗೆ ಹೋದಳು. ರಾತ್ರಿ ಆ ಉದ್ದ ಕೋಣೆಯಲ್ಲಿ ಎಲ್ಲ ಕಾಟುಗಳ ಹಾಸಿಗೆ ಸುತ್ತಿಟ್ಟಿತ್ತು, ನನ್ನದೊಂದೇ ಬಿಚ್ಚಿತ್ತು. ಬಚ್ಚಲಿನ ನಳ ತೊಟ್ಟಿಕ್ಕುವ ಸದ್ದು ಎಷ್ಟು ಜೋರಾಗಿರುತ್ತದೆ ಅಂತ ಅವತ್ತು ಗೊತ್ತಾಯಿತು. ಬಾವಿಯ ಮುದುಕಿ ನೆನಪಾದಳು. ಸತ್ಯ ಹೇಳಬೇಕೆಂದರೆ, ಹೆದರಿಕೆ ಆಗಲಿಲ್ಲ. ಅವಳಾದರೂ ಬರಲಿ ಅನಿಸಿತು.

ಈ ಸಿನಿಮಾಕ್ಕೆ ಆ ಒಂದು ವಿಷಯ ಗೊತ್ತಿದೆ. ಕ್ಯಾಟ್ ರಾತ್ರಿ ಬಾಯ್ಲರ್ ಕೋಣೆಗೆ ಇಳಿದು ಬೆಂಕಿಯ ಮುಂದೆ ಅಡ್ಡಬೀಳುತ್ತಾಳೆ. ದೆವ್ವ ಅವಳನ್ನು ಹಿಡಿಯಿತು ಅನ್ನುವುದಕ್ಕಿಂತ ಅವಳೇ ದೆವ್ವವನ್ನು ಹಿಡಿದುಕೊಂಡಳು. ಮುಂದೆ ಪಾದ್ರಿ ಬಂದು ಅದನ್ನು ಬಿಡಿಸುವಾಗ ಬೇರೆ ಸಿನಿಮಾಗಳಲ್ಲಿ ನಾವು ಉಸಿರು ಬಿಡುತ್ತೇವಲ್ಲ, ಇಲ್ಲಿ ಅವಳು ಆ ಕರಿ ನೆರಳಿಗೆ ಹೇಳುತ್ತಾಳೆ, ಹೋಗಬೇಡ ಅಂತ. ರಕ್ತ ಆಮೇಲೆ ಬೇಕಾದಷ್ಟಿದೆ, ಕತ್ತರಿಸಿದ ತಲೆಗಳಿವೆ, ಎಲ್ಲ ಇದೆ. ನನಗೆ ಉಳಿದದ್ದು ಆ ಒಂದು ಮಾತು.

ದೂರುಗಳೂ ಇವೆ. ನಡುವೆ ಜೋನ್ ಅನ್ನುವ ಇನ್ನೊಂದು ಹುಡುಗಿಯ ಕಥೆ ಹೆಣೆದಿದ್ದಾರೆ, ಅವಳು ಯಾರು ಅಂತ ಕೊನೆಯವರೆಗೂ ಬಿಡಿಸುವುದಿಲ್ಲ, ಅರ್ಧ ದಾರಿಯಲ್ಲಿ ಎದ್ದು ಹೋಗುವವರು ತುಂಬ ಜನ ಇರುತ್ತಾರೆ. ಮಾತು ಪಿಸುಪಿಸು, ಸಬ್‌ಟೈಟಲ್ ಬೇಕೇ ಬೇಕು. ಫೋನಿನಲ್ಲಿ ನೋಡಬೇಡಿ, ಮುಕ್ಕಾಲು ಸಿನಿಮಾ ಕತ್ತಲೆ, ನಿಮ್ಮ ಮುಖವೇ ನಿಮಗೆ ಕಾಣುತ್ತದೆ. ಗೆಳತಿಯರೆಲ್ಲ ಸೇರಿ ಚೀರಾಡುತ್ತಾ ನೋಡೋದಾದರೆ 'ವೆರೋನಿಕಾ' ಹಾಕಿಕೊಳ್ಳಿ, ಇದು ಒಬ್ಬರೋ ಇಬ್ಬರೋ ನೋಡುವಂಥದ್ದು.

ಅಪ್ಪ ಮರುದಿನ ಸಂಜೆ ಬಂದ. ಅಂಗಿಯ ತುಂಬ ಮೆಣಸಿನಕಾಯಿ ಘಾಟು. "ತಡ ಆತವಾ" ಅಂದ, ನಾನು ಸೀನಿದೆ, ಅವನೂ ಸೀನಿದ, ಬೈಯೋದು ಮರೆತುಹೋಯಿತು.

ಇದನ್ನು ಅಕ್ಕನ ಮಗಳಿಗೆ ಹೇಳಿದೆ. ಏನೂ ಅನ್ನಲಿಲ್ಲ. ರಾತ್ರಿ ಹನ್ನೊಂದೂವರೆಗೆ ಗ್ಯಾಲರಿಗೆ ಹೋಗಿ ಅವಳವ್ವನಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಅಕ್ಕನ ಧ್ವನಿ ನನಗೂ ಕೇಳುವಷ್ಟು ಜೋರಾಗಿ ಬಂತು: "ಯಾಕವಾ, ಇಷ್ಟ್ ಹೊತ್ನ್ಯಾಗ? ರೊಕ್ಕ ಖಾಲಿ ಆದ್ವೇನು?"