ಗೂಗಲ್ ಡಾಕ್ಸ್‌ನಲ್ಲಿ ರೆಸ್ಯೂಮೆ: ಐದಕ್ಕೆ ನಾಲ್ಕು ಅಂಕ

ಶಿವಮೊಗ್ಗದಲ್ಲಿ ರೆಸ್ಯೂಮೆ ಎಂದರೆ ಇಂದಿಗೂ ಅನೇಕರಿಗೆ ಡಿಟಿಪಿ ಅಂಗಡಿಯೇ ಗತಿ. ಅಲ್ಲಿ ಹಿಂದಿನ ಗಿರಾಕಿಯ ಕಡತ ತೆರೆದೇ ಇರುತ್ತದೆ. ಹೆಸರು, ವಿಳಾಸ, ಅಂಕ ಬದಲಾಯಿಸಿದರೆ ನಿಮ್ಮದು ಸಿದ್ಧ. ಗುರಿ ಎಂಬಲ್ಲಿ ಎಲ್ಲರದೂ ಅದೇ ಪ್ಯಾರಾ, ಹವ್ಯಾಸ ಎಂಬಲ್ಲಿ ಎಲ್ಲರೂ ಕ್ರಿಕೆಟ್ ಆಡುತ್ತಾರೆ. ಮಾಚೇನಹಳ್ಳಿಯ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿರುವ ನನ್ನ ಮೇಜಿಗೆ ಇಂಥವು ಕಟ್ಟುಗಟ್ಟಲೆ ಬರುತ್ತವೆ. ನನ್ನದನ್ನೂ ಮನೆಯ ಹುಡುಗರದನ್ನೂ ವರ್ಷಗಳಿಂದ, ಅಂತರ್ಜಾಲದಲ್ಲೇ ಬರೆದು ತಿದ್ದುವ ಗೂಗಲ್ ಡಾಕ್ಸ್‌ನಲ್ಲೇ ಮಾಡುತ್ತಿದ್ದೇನೆ.

ಇದರ ನಿಜವಾದ ಉಪಯೋಗ ಚೆಂದದ ವಿನ್ಯಾಸವಲ್ಲ, ತಿದ್ದುವ ಸುಲಭ. ಮಾಡಿದ ಕೆಲಸವನ್ನೆಲ್ಲ ತುಂಬಿದ ಒಂದು ಉದ್ದನೆಯ ಮೂಲ ಪ್ರತಿ ಇಟ್ಟುಕೊಳ್ಳುತ್ತೇನೆ. ಹುದ್ದೆಯ ಜಾಹೀರಾತು ನೋಡಿ, ಅದರ ನಕಲು ತೆಗೆದು, ಬೇಡದ್ದನ್ನು ಅಳಿಸುತ್ತೇನೆ. ಅಳಿಸಿದ್ದು ಮತ್ತೆ ಬೇಕೆನಿಸಿದರೆ, ಕಡತದ ಹಿಂದಿನ ರೂಪಗಳನ್ನು ಉಳಿಸಿಡುವ ಆವೃತ್ತಿ ಇತಿಹಾಸದಲ್ಲಿ (ವರ್ಷನ್ ಹಿಸ್ಟರಿ) ಸಿಗುತ್ತದೆ. ಅಂಗಡಿಯಲ್ಲಿ ಒಂದು ಸಾಲು ತಿದ್ದಿಸಲು ಮತ್ತೆ ಸರದಿಯಲ್ಲಿ ನಿಲ್ಲಬೇಕು. ಹಾಗಾಗಿಯೇ ಜನ ಒಂದೇ ಪ್ರತಿಯನ್ನು ಜೆರಾಕ್ಸ್ ಮಾಡಿಸಿ ಎಲ್ಲ ಕಡೆಗೂ ಕೊಡುತ್ತಾರೆ.

ಐಟಿಐನಲ್ಲಿ ಟರ್ನರ್ (ಲೇತ್ ಯಂತ್ರದ ಕೆಲಸ) ಮುಗಿಸಿದ ನನ್ನ ಚಿಕ್ಕಪ್ಪನ ಮಗನದನ್ನೇ ನೋಡಿ. ಮೊದಲ ಪ್ರತಿಯಲ್ಲಿ ‘ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುವವನು’ ಎಂದಿತ್ತು.

“ಅಪ್ರೆಂಟಿಸ್ ಆಗಿದ್ದಾಗ ದಿನವೂ ಏನು ಮಾಡುತ್ತಿದ್ದೆಯೋ?” ಎಂದು ಕೇಳಿದೆ.

“ಲೇತ್‌ನಲ್ಲಿ ಬುಷ್ ಮಾಡುತ್ತಿದ್ದೆ, ಅಣ್ಣ.”

“ಅಳತೆ ನೋಡುತ್ತಿದ್ದವರು ಯಾರು?”

“ನಾನೇ, ಮೈಕ್ರೋಮೀಟರ್ ಹಿಡಿದು.”

ಶ್ರಮಜೀವಿಯನ್ನು ಅಳಿಸಿ, ‘ಎರಕದ ಕಬ್ಬಿಣದ ಬುಷ್‌ಗಳ ಟರ್ನಿಂಗ್, 0.01 ಮಿ.ಮೀ. ನಿಖರತೆಯ ಮೈಕ್ರೋಮೀಟರಿನಲ್ಲಿ ಸ್ವತಃ ತಪಾಸಣೆ’ ಎಂದು ಬರೆದೆವು. ಗುಣಮಟ್ಟ ತಪಾಸಣೆಯ ಹುದ್ದೆಗಾದರೆ ಅಳತೆಯ ಮಾತು ಮೊದಲು, ಮಷಿನ್ ಶಾಪ್‌ಗಾದರೆ ಲೇತ್ ಮೊದಲು. ಇಂಥ ಸಾಲು ಕಂಡರೆ ನನ್ನಂಥವನು ಹಾಳೆ ಮಗುಚುವುದನ್ನು ನಿಲ್ಲಿಸುತ್ತಾನೆ. ಖಾಸಗಿ ಕೆಲಸಕ್ಕೆ ಜಾತಿ, ಧರ್ಮ, ತಂದೆಯ ಉದ್ಯೋಗ ಯಾಕೆ ಬೇಕು? ಆ ಜಾಗವನ್ನು ಕೆಲಸದ ವಿವರಕ್ಕೆ ಕೊಡಿ.

ಡಾಕ್ಸ್‌ನ ಸಿದ್ಧ ಮಾದರಿಗಳಲ್ಲಿ ಬಣ್ಣದವೂ ಇವೆ, ಎರಡು ಅಂಕಣದವೂ ಇವೆ. ಸಾದಾ ಒಂದೇ ಅಂಕಣದ್ದನ್ನು ಆರಿಸಿಕೊಳ್ಳಿ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ತಂತ್ರಾಂಶ. ಕೋಷ್ಟಕ ಮತ್ತು ಪಠ್ಯಪೆಟ್ಟಿಗೆಯೊಳಗಿನ (ಟೆಕ್ಸ್ಟ್ ಬಾಕ್ಸ್) ಮಾತು ಅದಕ್ಕೆ ಕಲಸುಮೇಲೋಗರವಾಗಬಹುದು. ಕೌಶಲವನ್ನು ಐದು ನಕ್ಷತ್ರಗಳಲ್ಲಿ ತೋರಿಸುವ ಚಾಳಿಯಂತೂ ನನಗೆ ಹಿಡಿಸುವುದಿಲ್ಲ. ಎಕ್ಸೆಲ್‌ನಲ್ಲಿ ನಾಲ್ಕು ನಕ್ಷತ್ರ ಎಂದರೆ ಏನೆಂದು ತಿಳಿಯಬೇಕು?

ಇದಕ್ಕೂ ಮೊದಲು ಹಣ ಕೇಳುವ ಒಂದು ಜಾಲತಾಣವನ್ನು ಬಳಸಿ ನೋಡಿದ್ದೆ, ಹೆಸರು ಬೇಡ. ಎಲ್ಲವನ್ನೂ ಉಚಿತವಾಗಿ ತುಂಬಿಸಿಕೊಂಡು, ಇಳಿಸಿಕೊಳ್ಳುವ ಹೊತ್ತಿಗೆ ಕಾರ್ಡ್ ಸಂಖ್ಯೆ ಕೇಳಿತು.

ಕನ್ನಡದಲ್ಲಿ ರೆಸ್ಯೂಮೆ ಬೇಕಾದವರಿಗೂ ಇದು ಒಳ್ಳೆಯದು. ಶಾಲೆ, ಸಹಕಾರ ಸಂಘ, ಪತ್ರಿಕೆಯ ಕೆಲಸಗಳಿಗೆ ಕನ್ನಡದ್ದೇ ಕೇಳುವುದುಂಟು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪಿಡಿಎಫ್‌ನಲ್ಲಿ ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಿದರೆ ನಿಮ್ಮ ಹೆಸರೇ ಸಿಗುವುದಿಲ್ಲ. ಡಾಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟ್ ಆರಿಸಿಕೊಂಡರೆ ಆ ತಾಪತ್ರಯವಿಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆಯವರು ನೆಟ್ ಇಲ್ಲದೆಯೂ ಬರೆಯಬಹುದಾದ ಆಫ್‌ಲೈನ್ ಸೌಲಭ್ಯವನ್ನು ಮಳೆಗಾಲಕ್ಕೆ ಮುಂಚೆಯೇ ಚಾಲೂ ಮಾಡಿಕೊಳ್ಳಬೇಕು. ನೆಟ್‌ವರ್ಕ್ ಹೋದ ಮೇಲೆ ಅದನ್ನು ಹುಡುಕಿ ಪ್ರಯೋಜನವಿಲ್ಲ. ಇನ್ನೊಂದು ಮಾತು: ಕಡತದ ಕೊಂಡಿಯನ್ನು ಕಳುಹಿಸಬೇಡಿ, ಪಿಡಿಎಫ್ ಮಾಡಿ ಕಳುಹಿಸಿ. ಕೊಂಡಿ ಒತ್ತಿದಾಗ ‘ಅನುಮತಿ ಕೇಳಿ’ ಎಂದು ಬಂದರೆ, ಅನುಮತಿ ಕೇಳುತ್ತ ಕೂರುವ ವ್ಯವಧಾನ ನಮ್ಮ ವಿಭಾಗದಲ್ಲಿ ಯಾರಿಗೂ ಇಲ್ಲ.

ಒಂದು ಅಂಕ ಕಡಿಮೆ ಕೊಟ್ಟದ್ದು ಮೊಬೈಲ್ ಆವೃತ್ತಿಗಾಗಿ. ಸಾಲು ತಿದ್ದಲು ಅದು ಸಾಕು, ಅಂಚು ಮತ್ತು ಅಂತರ ಹೊಂದಿಸಲು ಸಾಲದು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಮೊಬೈಲಿನಲ್ಲಿ ಬರೆದು ಮುಗಿಸಿ, ಕೊನೆಯ ಹೊಂದಾಣಿಕೆಗೆ ಮಾತ್ರ ಗ್ರಂಥಾಲಯದ ಅಥವಾ ಗೆಳೆಯರ ಕಂಪ್ಯೂಟರ್ ಬಳಸಬಹುದು. ಅಲ್ಲಿಂದ ಏಳುವ ಮೊದಲು ಖಾತೆಯಿಂದ ಲಾಗ್‌ಔಟ್ ಆಗಿ.