ಪೈಪ್ ಕೊರೆಯದೆ ಹರಿವು ಅಳೆಯುವ ಮೀಟರ್: ಪಂಪ್‌ಹೌಸಿಗೆ ತರಬಹುದೇ?

ತುಂಬೆಯ ನೇತ್ರಾವತಿ ನೀರಿರಲಿ, ಬಜೆಯ ಸ್ವರ್ಣೆಯ ನೀರಿರಲಿ, ಗುಡ್ಡದ ಮೇಲಿನ ಟ್ಯಾಂಕಿ ಸೇರಬೇಕಾದರೆ ಕರೆಂಟ್ ಬೇಕು. ಎಷ್ಟು ಯೂನಿಟ್ ಸುಟ್ಟಿತು ಎಂದು ಮೆಸ್ಕಾಂ ಬಿಲ್ ಹೇಳುತ್ತದೆ, ಅಷ್ಟಕ್ಕೆ ನೀರೆಷ್ಟು ಏರಿತು ಎಂದು ಹೇಳುವುದಿಲ್ಲ. ಹೊರಗಿನಿಂದ ಪೈಪಿಗೆ ಕಟ್ಟಿ, ಕಿವಿಗೆ ಕೇಳಿಸದ ಶಬ್ದದಲೆ ಕಳಿಸಿ ಹರಿವು ಅಳೆಯುವ ಅಲ್ಟ್ರಾಸಾನಿಕ್ ಫ್ಲೋ ಮೀಟರ್ ಬೇಕಾಗುವುದು ಅದಕ್ಕೇ.

ಪೈಪಿನ ಘರ್ಷಣೆಯೂ ಸೇರಿ ಹೆಡ್ (ಪಂಪು ನೀರೆತ್ತಬೇಕಾದ ಒಟ್ಟು ಎತ್ತರದ ಲೆಕ್ಕ) 60 ಮೀಟರ್ ಎಂದಿಟ್ಟುಕೊಳ್ಳಿ. ಸಾವಿರ ಲೀಟರಿಗೆ ಪಂಪು, ಮೋಟರ್ ಸೇರಿ ದಕ್ಷತೆ ಶೇ. 70 ಇದ್ದರೆ 0.23 ಯೂನಿಟ್ ಸಾಕು. ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್, ಅದರ ಅಂಚಿನ ವೇರ್ ರಿಂಗ್ ಸವೆದು ಶೇ. 50ಕ್ಕೆ ಇಳಿದಿದ್ದರೆ 0.33. ದಿನಕ್ಕೆ 10 ಲಕ್ಷ ಲೀಟರ್ ಎತ್ತುವಲ್ಲಿ 90ಕ್ಕೂ ಹೆಚ್ಚು ಯೂನಿಟ್ ದಂಡ. ಯೂನಿಟ್ಟಿಗೆ ಸುಮಾರು 0.7 ಕೆಜಿಯಂತೆ ಹಿಡಿದರೂ ದಿನಕ್ಕೆ 65 ಕೆಜಿ ಕಾರ್ಬನ್ ಡೈಆಕ್ಸೈಡ್.

ಮೀಟರ್ ಒಳ್ಳೆಯದೇ, ಕಟ್ಟುವವರು ಅವಸರ ಮಾಡಬಾರದು ಅಷ್ಟೆ. ಸೆನ್ಸರಿನ ಹಿಂದೆ, ಅಂದರೆ ನೀರು ಬರುವ ಕಡೆ, ಪೈಪಿನ ವ್ಯಾಸದ 10 ಪಟ್ಟು, ಮುಂದೆ 5 ಪಟ್ಟು ನೇರ ಪೈಪ್ ಬೇಕು. ನಮ್ಮ ಇಕ್ಕಟ್ಟಿನ ಪಂಪ್‌ಹೌಸ್‌ಗಳಲ್ಲಿ ಅಷ್ಟು ಜಾಗ ಸಿಗುವುದೇ ಅಪರೂಪ, ಹೊರಗೆ ಟ್ಯಾಂಕಿಗೆ ಏರುವ ಮುಖ್ಯ ಪೈಪಿನಲ್ಲಿ (ರೈಸಿಂಗ್ ಮೈನ್) ಹುಡುಕಬೇಕು. ಪೇಂಟ್, ತುಕ್ಕು ಎಲ್ಲ ಎಮರಿ ಪೇಪರಿನಿಂದ ಉಜ್ಜಿ ಲೋಹ ಕಾಣಿಸಿ, ಸೆನ್ಸರಿನಡಿ ಗಾಳಿ ಉಳಿಯದಂತೆ ಜೆಲ್ ಹಚ್ಚಿ, ಸೆನ್ಸರನ್ನು ಪೈಪಿನ ಪಕ್ಕಕ್ಕೇ ಕಟ್ಟಿ. ನೆತ್ತಿಯಲ್ಲಿ ಗಾಳಿ ನಿಲ್ಲುತ್ತದೆ, ತಳದಲ್ಲಿ ಹೂಳು. ವಾಲ್ವ್ ಪೂರ್ತಿ ಮುಚ್ಚಿದಾಗ ಸೊನ್ನೆ ತೋರಿಸದಿದ್ದರೆ ಮುಂದಿನ ಅಂಕಿಗಳನ್ನು ನಂಬಬೇಡಿ.

ಮಳೆಗಾಲದ ಕೆಂಪು ನೀರಿಗೆ ಇದು ಅಷ್ಟೇನೂ ಹೆದರುವುದಿಲ್ಲ. ಪಂಪು ಸಕ್ಷನ್ (ನೀರು ಹೀರುವ) ಕಡೆಯಿಂದ ಗಾಳಿ ಎಳೆದುಕೊಂಡರೆ ಮಾತ್ರ ಸಿಗ್ನಲ್ ಕೈಕೊಡುತ್ತದೆ. ಹಳೇ ಬೀಡುಕಬ್ಬಿಣದ ಪೈಪಿನ ಗೋಳು ಬೇರೆ. 300 ಮಿ.ಮೀ. ಪೈಪಿನೊಳಗೆ ಸುತ್ತಲೂ 5 ಮಿ.ಮೀ. ಕಿಟ್ಟ ಕಟ್ಟಿದ್ದು ಗೊತ್ತಿಲ್ಲದೆ ಮೀಟರಿನಲ್ಲಿ ಒಳವ್ಯಾಸ 300 ಎಂದೇ ನಮೂದಿಸಿದರೆ ಹರಿವು ಸುಮಾರು ಶೇ. 7 ಜಾಸ್ತಿ ತೋರಿಸುತ್ತದೆ, ಸೋತ ಪಂಪು ಗಟ್ಟಿಮುಟ್ಟಾಗಿ ಕಾಣುತ್ತದೆ. ಕ್ಯಾಟಲಾಗಿನ ಶೇ. 1ರ ನಿಖರತೆ ಅಂಥ ಪೈಪಿಗೆ ಅನ್ವಯಿಸದು. ಸಿಮೆಂಟ್ ಲೈನಿಂಗ್ ಇರುವ ಪೈಪಾದರೆ ಅದರ ದಪ್ಪವನ್ನೂ ಮೆನುವಿನಲ್ಲಿ ಕೊಡಿ.

ಕೊರತೆ: ಕರಾವಳಿಯ ಉಪ್ಪುಗಾಳಿಗೆ ಕೇಬಲ್ ಕನೆಕ್ಟರ್ ಬೇಗ ಹಸಿರುಗಟ್ಟುತ್ತದೆ. ಒರೆಸಿ ಒಣಗಿಸಿಯೇ ಪೆಟ್ಟಿಗೆಗೆ ಹಾಕಬೇಕು.

ನೀರಿನ ಬಿಲ್ ಮಾಡಲು ಇದು ಬೇಡ. ಒಂದೇ ಜಾಗಕ್ಕೆ ಗುರುತು ಹಾಕಿಟ್ಟು, ಮೂರು ತಿಂಗಳಿಗೊಮ್ಮೆ ಪವರ್ ಮೀಟರ್, ಪ್ರೆಶರ್ ಗೇಜ್ ಜೊತೆ ಅಳೆದು ಹೋಲಿಸುವವರಿಗೆ ಧಾರಾಳ ಸಾಕು. ಮೂರು ನಾಲ್ಕು ಪಂಪ್‌ಹೌಸಿಗೆ ಒಂದೇ ಮೀಟರ್ ಕೊಂಡರೂ ನಡೆಯುತ್ತದೆ.